ಚರ್ಚ್‌ನೊಳಗೆ ಯಾರ ಹಾಡು? ಆರಾಧನೆ, ರಾಗ ಮತ್ತು ಜಾತಿಯ ಪ್ರಶ್ನೆ

2021ರ ಅಕ್ಟೋಬರ್ 17, ಭಾನುವಾರ. ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಕ್ರೈಸ್ತರ ಪ್ರಾರ್ಥನೆಗೆ ಬಳಕೆಯಾಗುತ್ತಿದ್ದ ಕಟ್ಟಡವೊಂದಕ್ಕೆ ಬಲಪಂಥೀಯ ಸಂಘಟನೆಗಳ ಕಾರ್ಯಕರ್ತರು ನುಗ್ಗಿದರು. ಒಳಗೆ ಕೂತು ಭಜನೆ ಹಾಡಿದರು. ವಿಡಿಯೊ ವೈರಲ್ ಆಯಿತು. ಮತಾಂತರದ ಆರೋಪ, ಪೊಲೀಸರ ನಡೆ, ಆಗಿನ್ನೂ ಬರಬೇಕಿದ್ದ ಕಾಯ್ದೆ, ಎಲ್ಲದರ ಬಗ್ಗೆಯೂ ಚರ್ಚೆ ನಡೆಯಿತು. ಒಂದು ಪ್ರಶ್ನೆ ಮಾತ್ರ ಹೆಚ್ಚು ಕೇಳಿಬರಲಿಲ್ಲ. ಪ್ರತಿಭಟನೆಗೆ ಘೋಷಣೆ ಇದೆ, ಬ್ಯಾನರ್ ಇದೆ, ರಸ್ತೆ ತಡೆ ಇದೆ. ಅಲ್ಲಿ ಹಾಡನ್ನೇ ಯಾಕೆ ಆರಿಸಿಕೊಂಡರು?

ಒಂದು ಜಾಗದಲ್ಲಿ ಯಾರ ಹಾಡು ಕೇಳಿಸುತ್ತದೋ ಆ ಜಾಗ ಅವರದು ಅನ್ನೋದು ಹಾಡುವವರಿಗೂ ಗೊತ್ತು, ಕೇಳಿಸಿಕೊಳ್ಳುವವರಿಗೂ ಗೊತ್ತು. ಅದರ ಹಿಂದೆ ಇನ್ನೊಂದು ನಂಬಿಕೆಯೂ ಇದೆ: ಭಜನೆ ಈ ನೆಲದ್ದು, ಚರ್ಚಿನ ಹಾಡು ಹೊರಗಿನದು. ಈ ಎರಡನೇ ನಂಬಿಕೆಯನ್ನು ಸ್ವಲ್ಪ ಕೆದಕಿ ನೋಡಬೇಕು. ಯಾಕಂದ್ರೆ ಚರ್ಚ್‌ನೊಳಗೆ ಯಾವ ಹಾಡು, ಯಾವ ಭಾಷೆ, ಯಾವ ವಾದ್ಯ, ಯಾರ ಗಂಟಲು ಎಂಬ ಜಗಳ ಕ್ರೈಸ್ತರೊಳಗೇ ಸಾವಿರದೈನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದಿದೆ. ದಕ್ಷಿಣ ಭಾರತದಲ್ಲಿ ಆ ಜಗಳ ಜಾತಿಯ ಜಗಳವೂ ಆಯಿತು. ಅಲ್ಲಿ 'ದೇಸಿ' ಅನ್ನೋದು ಯಾವಾಗಲೂ ಜನರ ಪರ ಇರಲಿಲ್ಲ, 'ವಿದೇಶಿ' ಅನ್ನೋದು ಯಾವಾಗಲೂ ಜನವಿರೋಧಿ ಆಗಿರಲಿಲ್ಲ.

ಪೂಜೆ, ಆರಾಧನೆ, ಕೆಲಸ

ಮೊದಲು ಆರಾಧನೆ ಅಂದ್ರೆ ಏನು ಅಂತ ನೋಡೋಣ. ಕನ್ನಡದ ಕ್ಯಾಥೊಲಿಕರು ಭಾನುವಾರದ ಮುಖ್ಯ ವಿಧಿಯನ್ನು ಪೂಜೆ, ಬಲಿಪೂಜೆ ಎನ್ನುತ್ತಾರೆ. ಮಂಗಳೂರಿನ ಕೊಂಕಣಿಯವರಿಗೆ ಅದು ಮೀಸ್. ಸಿಎಸ್ಐ ಮುಂತಾದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ 'ಪೂಜೆ' ಅನ್ನುವವರು ಸಿಗೋದು ಕಷ್ಟ, ಅವರದು 'ಆರಾಧನೆ'. ಪೆಂಟಕೋಸ್ಟಲ್ ಸಭೆಗಳಲ್ಲಿ 'ಸ್ತುತಿ ಆರಾಧನೆ' ಅಂದರೆ ಹೆಚ್ಚುಕಡಿಮೆ ಹಾಡಿನ ಹೊತ್ತು ಅಂತಲೇ ಅರ್ಥ. ಒಂದೇ ಧರ್ಮದವರು ಒಂದೇ ಭಾನುವಾರ ಮಾಡುವ ಕೆಲಸಕ್ಕೆ ಇಷ್ಟು ಹೆಸರು.

'ಕೆಲಸ' ಅನ್ನೋ ಪದವನ್ನು ಬೇಕಂತಲೇ ಬಳಸಿದೆ. ಹೀಬ್ರೂ ಭಾಷೆಯಲ್ಲಿ 'ಅವೊದಾ' ಎಂಬ ಒಂದೇ ಪದಕ್ಕೆ ದುಡಿಮೆ ಅಂತಲೂ ಅರ್ಥ, ದೇವರ ಸೇವೆ ಅಂತಲೂ ಅರ್ಥ. ಈಜಿಪ್ಟಿನಲ್ಲಿ ಇಸ್ರೇಲ್ ಜನ ಮಾಡಿದ ಜೀತಕ್ಕೂ ಅದೇ ಪದ. ಫರೋಹನಿಗೆ ದುಡಿಯುತ್ತಿದ್ದವರು ಬಿಡುಗಡೆಯಾಗಿ ದೇವರಿಗೆ ದುಡಿಯಲು ಹೋದರು ಅನ್ನೋದೇ ಆ ಕಥೆಯ ತಿರುಳು. ಇಂಗ್ಲಿಷಿನ 'ಲಿಟರ್ಜಿ' ಪದದ ಮೂಲವಾದ ಗ್ರೀಕ್ 'ಲೆಯಿತೂರ್ಗಿಯಾ' ಕೂಡ ಗುಡಿಯೊಳಗೆ ಹುಟ್ಟಿದ್ದಲ್ಲ. ಹಳೆಯ ಅಥೆನ್ಸಿನಲ್ಲಿ ಸಿರಿವಂತರು ಊರಿಗಾಗಿ ಸ್ವಂತ ಖರ್ಚಿನಲ್ಲಿ ಮಾಡಬೇಕಿದ್ದ ಸಾರ್ವಜನಿಕ ಕೆಲಸಕ್ಕೆ ಆ ಹೆಸರು. ಯುದ್ಧನೌಕೆ ನೋಡಿಕೊಳ್ಳುವುದು ಒಂದು ಲೆಯಿತೂರ್ಗಿಯಾ, ಉತ್ಸವಕ್ಕೆ ಹಾಡುಮೇಳ ಕಟ್ಟಿಸುವುದು ಇನ್ನೊಂದು. ಅಂದರೆ ಈ ಪದದ ಬೇರಿನಲ್ಲೇ ಊರು ಇದೆ, ಹಾಡು ಇದೆ, ಯಾರ ದುಡ್ಡು ಅನ್ನುವ ಪ್ರಶ್ನೆಯೂ ಇದೆ.

ಹಾಗಾದ್ರೆ ಕ್ರೈಸ್ತ ಆರಾಧನೆಗೆ ಸಂಗೀತ ಕಡ್ಡಾಯವಾ? ಇಲ್ಲ. ಕ್ವೇಕರ್ ಪಂಥದವರ ಸಾಂಪ್ರದಾಯಿಕ ಸಭೆಗಳಲ್ಲಿ ಹಾಡಿಲ್ಲ, ಪ್ರವಚನವಿಲ್ಲ, ಮೌನವೇ ಆರಾಧನೆ. ಬೈಬಲಿನೊಳಗೇ ಹಾಡಿನ ಬಗ್ಗೆ ಕಟುವಾದ ಟೀಕೆ ಇದೆ. ಕ್ರಿಸ್ತಪೂರ್ವ 8ನೇ ಶತಮಾನದ ಪ್ರವಾದಿ ಆಮೋಸ ಕುರಿಗಾಹಿ. ಬಡವರನ್ನು ಒಂದು ಜೊತೆ ಚಪ್ಪಲಿಯ ಬೆಲೆಗೆ ಮಾರುವವರ ಹಬ್ಬ, ಬಲಿ, ಹಾಡು ಯಾವುದೂ ದೇವರಿಗೆ ಬೇಡ, ಬೇಕಿರುವುದು ನ್ಯಾಯ ಅಂತ ಆತ ಕೂಗಿ ಹೇಳಿದ. 1963ರಲ್ಲಿ ವಾಷಿಂಗ್ಟನ್ನಿನ ಪ್ರಸಿದ್ಧ ಭಾಷಣದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ನೆನೆದಿದ್ದು ಇದೇ ಆಮೋಸನನ್ನು. ಆರಾಧನೆಯ ಅಳತೆಗೋಲು ರಾಗಶುದ್ಧಿ ಅಲ್ಲ ಅನ್ನೋ ಮಾತು ಈ ಪರಂಪರೆಯಲ್ಲಿ ಹೊರಗಿನಿಂದ ಬಂದ ವಿಮರ್ಶೆಯಲ್ಲ, ಒಳಗಿನದೇ.

ಬಾಯಿ ಮುಚ್ಚಿಸಿದವರು, ಬಿಡಿಸಿದವರು

ನಾಲ್ಕನೇ ಶತಮಾನದಲ್ಲಿ ಲವೊದಿಕೀಯದಲ್ಲಿ ಸೇರಿದ ಧರ್ಮಸಭೆಯೊಂದು, ನೇಮಕಗೊಂಡ ಗಾಯಕರನ್ನು ಬಿಟ್ಟು ಬೇರೆ ಯಾರೂ ಚರ್ಚಿನಲ್ಲಿ ಹಾಡಕೂಡದು ಎಂದು ನಿಯಮ ಮಾಡಿತು. ಹಾಡು ನಿಧಾನವಾಗಿ ಪಾದ್ರಿ ಮತ್ತು ತರಬೇತಾದ ಗಂಡಸರ ಸ್ವತ್ತಾಯಿತು. ಭಾಷೆ ಲ್ಯಾಟಿನ್, ಜನ ನಿಂತು ಕೇಳುವವರು. ಸುಮಾರು ಕ್ರಿ.ಶ. 400ರ ಹೊತ್ತಿಗೆ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ ತನ್ನ ಆತ್ಮಕಥೆಯಲ್ಲಿ ಒಂದು ಪ್ರಾಮಾಣಿಕ ಗೊಂದಲವನ್ನು ಬರೆದುಕೊಂಡಿದ್ದಾನೆ. ಹಾಡಿನ ಅರ್ಥಕ್ಕಿಂತ ಹಾಡುವ ದನಿಗೇ ಮನಸೋತರೆ ಅದು ತಪ್ಪು ಅನ್ನಿಸುತ್ತದೆ, ಹಾಡೇ ಬೇಡ ಅನ್ನಲೂ ಆಗುವುದಿಲ್ಲ. ಸಂಗೀತದ ಬಗ್ಗೆ ಚರ್ಚಿಗಿರುವ ಅನುಮಾನ ಅವತ್ತಿನಿಂದ ಇವತ್ತಿನವರೆಗೂ ಇದೇ.

ಜರ್ಮನಿಯ ಮಾರ್ಟಿನ್ ಲೂಥರ್ ಈ ಬೀಗ ಮುರಿದ. 1524ರಲ್ಲಿ ಜನಭಾಷೆಯ ಹಾಡುಗಳ ಪುಸ್ತಕಗಳು ಅಚ್ಚಾದವು, ಸಾಮಾನ್ಯರು ಹಾಡಲು ಶುರುಮಾಡಿದರು. (ಅದೇ ವರ್ಷ ರೈತರು ದಂಗೆ ಎದ್ದಾಗ ಇದೇ ಲೂಥರ್ ದೊರೆಗಳ ಪರ ನಿಂತ. ಹಾಡಲು ಬಾಯಿ ಕೊಟ್ಟವರು ಹಕ್ಕು ಕೇಳಲೂ ಬಾಯಿ ಕೊಡುತ್ತಾರೆ ಅಂತೇನಿಲ್ಲ.) ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಜ್ವಿಂಗ್ಲಿ ಉಲ್ಟಾ ದಾರಿ ಹಿಡಿದ. ಹಲವು ವಾದ್ಯ ಬಲ್ಲ ಆತನೇ ಆರಾಧನೆಯಿಂದ ಸಂಗೀತವನ್ನು ಪೂರ್ತಿ ಹೊರಗಿಟ್ಟ. ಜಿನೀವಾದ ಕ್ಯಾಲ್ವಿನ್ ಮಧ್ಯದ ದಾರಿ ಹಿಡಿದು, ಬೈಬಲಿನ ಕೀರ್ತನೆಗಳನ್ನು ಮಾತ್ರ, ವಾದ್ಯವಿಲ್ಲದೆ ಎಲ್ಲರೂ ಹಾಡಲಿ ಎಂದ. ಕ್ಯಾಥೊಲಿಕ್ ಸಭೆಯಲ್ಲಂತೂ 1903ರಷ್ಟು ಈಚೆಗೂ ಪೋಪ್ ಹತ್ತನೇ ಪಿಯುಸ್ ಹೊರಡಿಸಿದ ಆದೇಶದ ಪ್ರಕಾರ ಹೆಂಗಸರು ಚರ್ಚಿನ ಗಾಯನಮೇಳದಲ್ಲಿ ಇರುವಂತಿರಲಿಲ್ಲ. ಪಿಯಾನೊ ಕೂಡ ನಿಷಿದ್ಧ.

ಹೇರಿದ ಹಾಡೂ ಕೈ ಬದಲಾಯಿಸುತ್ತದೆ. ಅಮೆರಿಕದಲ್ಲಿ ಗುಲಾಮರಾಗಿದ್ದ ಕಪ್ಪು ಜನ ಒಡೆಯರ ಧರ್ಮದಿಂದಲೇ ಈಜಿಪ್ಟಿನ ಬಿಡುಗಡೆಯ ಕಥೆಯನ್ನು ಹೆಕ್ಕಿಕೊಂಡು ತಮ್ಮ ಲಯದಲ್ಲಿ ಹಾಡಿದರು. ಗುಲಾಮರು ಹಾಡುತ್ತಾರೆ ಅಂದ್ರೆ ಖುಷಿಯಾಗಿದ್ದಾರೆ ಅಂತ ತಿಳಿಯುವವರ ಮೂರ್ಖತನದ ಬಗ್ಗೆ ಫ್ರೆಡರಿಕ್ ಡಗ್ಲಸ್ 1845ರ ತನ್ನ ಆತ್ಮಕಥನದಲ್ಲೇ ಬರೆದ. ನಮ್ಮ ಚಳವಳಿಗಳಲ್ಲಿ ಕನ್ನಡದಲ್ಲೂ ಹಾಡುವ 'ವಿ ಶಲ್ ಓವರ್‌ಕಮ್' ಕೂಡ ಕಪ್ಪು ಜನರ ಚರ್ಚ್ ಹಾಡಿನ ಬೇರಿನದು. 1945ರಲ್ಲಿ ಚಾರ್ಲ್ಸ್‌ಟನ್ನಿನ ತಂಬಾಕು ಕಾರ್ಮಿಕರ ಮುಷ್ಕರವನ್ನು ಹಾದು ಅದು ನಮ್ಮವರೆಗೆ ಬಂತು.

ತಂಜಾವೂರಿನ ಕವಿ, ಮಂಗಳೂರಿನ ಜರ್ಮನ್ನರು

ಈಗ ನಮ್ಮ ಕಡೆಗೆ ಬರೋಣ. ತಂಜಾವೂರಿನ ವೇದನಾಯಗಂ ಶಾಸ್ತ್ರಿಯಾರ್ (1774–1864) ತಮಿಳು ಕ್ರೈಸ್ತರ ದೊಡ್ಡ ಕವಿ. ಮಿಷನರಿ ಶ್ವಾರ್ಟ್ಸ್ ಅವರ ಬಳಿ ಕಲಿತವರು, ಮರಾಠಾ ರಾಜ ಎರಡನೇ ಸರ್ಫೋಜಿಯ ಒಡನಾಡಿ. ಕರ್ನಾಟಕ ಸಂಗೀತದ ಕೀರ್ತನೆಯ ರೂಪದಲ್ಲಿ, ಕುರವಂಜಿಯಂಥ ತಮಿಳು ಪ್ರಕಾರಗಳಲ್ಲಿ ಯೇಸುವಿನ ಹಾಡು ಬರೆದರು. ಇಂದಿಗೂ ಆ ಹಾಡುಗಳು ತಮಿಳು ಚರ್ಚುಗಳಲ್ಲಿವೆ. 1820ರ ದಶಕದಲ್ಲಿ ಹೊಸ ಪೀಳಿಗೆಯ ಮಿಷನರಿಗಳು ಬಂದು ಈ ತಮಿಳು ಹಾಡುಗಳನ್ನು ಆರಾಧನೆಯಿಂದ ತೆಗೆಯಲು ಹೊರಟಾಗ ಶಾಸ್ತ್ರಿಯಾರ್ ಸಿಟ್ಟಿಗೆದ್ದು ಪ್ರತಿಭಟಿಸಿ ಬರೆದರು.

ಇಲ್ಲಿಯವರೆಗೆ ಕೇಳಿದರೆ ಇದು ವಸಾಹತುಶಾಹಿಯ ವಿರುದ್ಧ ದೇಸಿ ಕವಿಯೊಬ್ಬನ ಹೋರಾಟ. ಆದರೆ ಅವರ ದೂರಿನ ಪಟ್ಟಿಯನ್ನು ಪೂರ್ತಿ ನೋಡಬೇಕು. ತಮಿಳು ಹಾಡು ತೆಗೆದರು, ಹಬ್ಬಕ್ಕೆ ಹೂವು ಬೇಡ ಎಂದರು, ಬೈಬಲಿನ ಹಳೆಯ ಅನುವಾದ ಬದಲಿಸಿದರು ಎಂಬುದರ ಜೊತೆಗೇ ಇನ್ನೊಂದಿದೆ: ಬೇರೆ ಬೇರೆ ಜಾತಿಯವರನ್ನು ಬಲವಂತವಾಗಿ ಒಟ್ಟಿಗೆ ಸೇರಿಸುತ್ತಿದ್ದಾರೆ. ವೆಳ್ಳಾಳ ಸಮುದಾಯದ ಶಾಸ್ತ್ರಿಯಾರ್‌ಗೆ ಚರ್ಚಿನೊಳಗೆ ಜಾತಿವಾರು ಕೂರುವ ಪದ್ಧತಿಯೂ ಕೀರ್ತನೆಯಷ್ಟೇ 'ನಮ್ಮ ಸಂಸ್ಕೃತಿ'. 1833ರಲ್ಲಿ ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್ ಚರ್ಚಿನಲ್ಲಿ ಜಾತಿಭೇದ ನಿಲ್ಲಬೇಕು ಎಂದು ಆದೇಶಿಸಿದಾಗ ಮೇಲ್ಜಾತಿ ಕ್ರೈಸ್ತರು ನೂರಾರು ಸಂಖ್ಯೆಯಲ್ಲಿ ಚರ್ಚ್ ಬಿಟ್ಟು ಹೊರನಡೆದರು.

ಹಾಡಿನ ವಿಷಯದಲ್ಲಿ ಶಾಸ್ತ್ರಿಯಾರ್ ಸರಿ, ಮಿಷನರಿಗಳು ದುರಹಂಕಾರಿಗಳು. ಕೂರುವ ವಿಷಯದಲ್ಲಿ ಮಿಷನರಿಗಳು ಸರಿ. ಇವೆರಡನ್ನೂ ಒಟ್ಟಿಗೆ ಹೇಳದೆ ಹೋದರೆ ಈ ಇತಿಹಾಸ ಅರ್ಥವಾಗುವುದಿಲ್ಲ.

ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್‌ನ ಕಥೆ ಬೇರೆ. ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ತಂದವನು ಅಂತ ನಮಗೆಲ್ಲ ಗೊತ್ತು. ಆತನ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯಲ್ಲಿ ದಾಸರ ಪದಗಳೂ ಅಚ್ಚಾದವು. ತಮಾಷೆ ಅಂದ್ರೆ, ಹರಿದಾಸರ ಪದಗಳನ್ನು ಅಚ್ಚಿಗೆ ತಂದ ಅದೇ ಮಿಷನ್ನಿನ ಚರ್ಚುಗಳಲ್ಲಿ ಜನ ಹಾಡುತ್ತಿದ್ದದ್ದು ಕನ್ನಡ, ತುಳು ಪದಗಳನ್ನು ಹೊಂದಿಸಿದ ಜರ್ಮನ್ ಧಾಟಿಗಳು. ನಿಘಂಟಿನ ಕಿಟ್ಟೆಲ್ ಇದಕ್ಕೆ ಸ್ವಲ್ಪ ಹೊರತು. 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಬರೆದರು, ಮುಂದೆ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು. ಆದರೂ ಭಾನುವಾರದ ಹಾಡು ಬಹುಮಟ್ಟಿಗೆ ಯುರೋಪಿನ ಧಾಟಿಯದ್ದಾಗಿಯೇ ಉಳಿಯಿತು.

ಇದನ್ನು ಬರೀ ಸಾಂಸ್ಕೃತಿಕ ಗುಲಾಮಗಿರಿ ಅಂತ ತಳ್ಳಿಹಾಕುವುದು ಸುಲಭ. ಆದರೆ ಗುಡಿಯೊಳಗೆ ಕಾಲಿಡುವಂತಿಲ್ಲದ, ಶಾಸ್ತ್ರೀಯ ಸಂಗೀತ ಕಲಿಯುವಂತಿಲ್ಲದ ಜನರ ಜಾಗದಲ್ಲಿ ನಿಂತು ಯೋಚಿಸಿ. ಆ ಜರ್ಮನ್ ಧಾಟಿಗೆ ಬಿಳಿಯರ ದರ್ಪದ ವಾಸನೆ ಇತ್ತು, ಜಾತಿಯ ವಾಸನೆ ಇರಲಿಲ್ಲ. ಒಂದೇ ಪುಸ್ತಕ, ಒಂದೇ ಸಾಲು, ಎಲ್ಲರೂ ಎದ್ದುನಿಂತು ಒಟ್ಟಿಗೆ ಹಾಡಬಹುದಿತ್ತು. ಅಜ್ಜಿಯಂದಿರು ಆ ಹಳೆಯ ಹಾಡುಗಳನ್ನು ಇವತ್ತಿಗೂ ಬಿಟ್ಟುಕೊಡಲ್ಲ ಅಂದ್ರೆ ಅದಕ್ಕೆ ಕಾರಣ ವಿದೇಶಿ ವ್ಯಾಮೋಹ ಒಂದೇ ಅಲ್ಲ.

ಕ್ಯಾಥೊಲಿಕರಲ್ಲಿ ಈ ಪ್ರಶ್ನೆ ತಡವಾಗಿ, ಆದರೆ ಜೋರಾಗಿ ಬಂತು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನೆಯ ಬಗ್ಗೆ ಹೊರಡಿಸಿದ ದಾಖಲೆ, ಜನ ಮೂಕಪ್ರೇಕ್ಷಕರಾಗಿರದೆ ಅರಿತು ಭಾಗವಹಿಸಬೇಕು ಎಂದಿತು. ಲ್ಯಾಟಿನ್ನಿನ ಗ್ರೆಗೋರಿಯನ್ ಗಾಯನಕ್ಕೆ ಮೊದಲ ಸ್ಥಾನ ಕೊಟ್ಟುಕೊಂಡೇ ಜನಭಾಷೆಗೆ, ಆಯಾ ಜನರ ಸಂಗೀತಕ್ಕೆ ಬಾಗಿಲು ತೆರೆಯಿತು. ಲ್ಯಾಟಿನ್ ಇದ್ದಾಗ ಬೆಂಗಳೂರಿನ ಚರ್ಚುಗಳಲ್ಲಿ ಪೂಜೆಯ ಭಾಷೆ ಜಗಳದ ವಿಷಯ ಆಗಿರಲಿಲ್ಲ, ಯಾಕಂದ್ರೆ ಅದು ಯಾರ ಮನೆಮಾತೂ ಅಲ್ಲ. ಅದು ಹೋದ ದಿನವೇ ಪ್ರಶ್ನೆ ಎದ್ದಿತು: ಯಾರ ಭಾಷೆ? ಸುತ್ತಮುತ್ತಲಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ಕನ್ನಡ ಕ್ರೈಸ್ತರು. ದಂಡು ಪ್ರದೇಶದಲ್ಲಿ ಸೈನ್ಯದ ಜೊತೆ, ಕೂಲಿಗೆ ಬಂದು ನೆಲೆಸಿದ ತಮಿಳರು. ಕರಾವಳಿಯಿಂದ ಬಂದ ಕೊಂಕಣಿಯವರು, ಜೊತೆಗೆ ಇಂಗ್ಲಿಷ್. ತಮ್ಮ ರಾಜಧಾನಿಯ ಚರ್ಚಿನಲ್ಲೇ ತಮ್ಮ ಭಾಷೆ ಎರಡನೇ ದರ್ಜೆಯದು ಎಂಬ ಕನ್ನಡ ಕ್ಯಾಥೊಲಿಕರ ನೋವು 1980ರ ದಶಕದಲ್ಲಿ ಬೀದಿಗೂ ಬಂತು, ಆಮೇಲೂ ದಶಕಗಳ ಕಾಲ ಆರಲಿಲ್ಲ. ದೇವಸ್ಥಾನಗಳಲ್ಲಿ ಕನ್ನಡದಲ್ಲೇ ಅರ್ಚನೆ ಆಗಲಿ ಎನ್ನುವ ಬೇಡಿಕೆಯ ಅಣ್ಣತಮ್ಮನೇ ಇದು. ನೆಲದ ಭಾಷೆಗೆ ಗೌರವ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾಗಂತ ಮೂರು ತಲೆಮಾರಿನಿಂದ ಇದೇ ಊರಿನಲ್ಲಿ ದುಡಿದ ತಮಿಳು ಹೆಂಗಸು ಅಳು ಬಂದಾಗ ಯಾವ ಭಾಷೆಯಲ್ಲಿ ಪ್ರಾರ್ಥಿಸುತ್ತಾಳೆ ಅನ್ನೋದನ್ನೂ ಮರೆಯುವಂತಿಲ್ಲ. ಇವತ್ತು ನಗರದ ಅನೇಕ ಚರ್ಚುಗಳ ಗೇಟಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ ಪೂಜೆಗಳ ಸಮಯ ಬರೆದ ಬೋರ್ಡು ಕಾಣುತ್ತದೆ. ಅದು ಒಪ್ಪಂದವೂ ಹೌದು, ಒಬ್ಬರು ಇನ್ನೊಬ್ಬರ ಹಾಡು ಕೇಳದಂತೆ ಮಾಡಿಕೊಂಡ ವ್ಯವಸ್ಥೆಯೂ ಹೌದು.

ಯಾವ 'ಭಾರತೀಯ'ತೆ?

ಅದೇ ಕಾಲಕ್ಕೆ ಬೆಂಗಳೂರಿನಲ್ಲೇ ಇನ್ನೊಂದು ಪ್ರಯೋಗ ನಡೆಯಿತು. 1967ರಲ್ಲಿ ಪಾದ್ರಿ ಡಿ.ಎಸ್. ಅಮಲೋರ್ಪವದಾಸ್ ನೇತೃತ್ವದಲ್ಲಿ ಕ್ಯಾಥೊಲಿಕ್ ಸಭೆಯ ರಾಷ್ಟ್ರೀಯ ಕೇಂದ್ರವೊಂದು (ಎನ್‌ಬಿಸಿಎಲ್‌ಸಿ) ಶುರುವಾಯಿತು. ಆರಾಧನೆಯನ್ನು ಭಾರತೀಯಗೊಳಿಸುವುದು ಅದರ ಮುಖ್ಯ ಕೆಲಸಗಳಲ್ಲೊಂದು. 1969ರಲ್ಲಿ ರೋಮ್ ಹನ್ನೆರಡು ಅಂಶಗಳಿಗೆ ಒಪ್ಪಿಗೆ ಕೊಟ್ಟಿತು. ನೆಲದ ಮೇಲೆ ಕೂತು ಪೂಜೆ, ಕೈಮುಗಿದು ನಮಸ್ಕಾರ, ಆರತಿ, ಯುರೋಪಿನ ನಿಲುವಂಗಿಯ ಬದಲು ಶಾಲು ಇತ್ಯಾದಿ. ಸಂಸ್ಕೃತ ಮಂತ್ರಗಳು, ಭಜನೆಗಳು ಚರ್ಚಿನೊಳಗೆ ಕೇಳಿಸಿದವು. ಹುಬ್ಬಳ್ಳಿಯಲ್ಲಿ ಹಾಡಲು ಹೋದವರಿಗೆ ಇದು ಗೊತ್ತಿತ್ತೋ ಇಲ್ಲವೋ, ಭಜನೆ ಎಂಬ ರೂಪ ಕ್ರೈಸ್ತರಿಗೆ ಹೊಸದಾಗಿರಲಿಲ್ಲ.

ಇದಕ್ಕೆ ಸಂಪ್ರದಾಯಸ್ಥ ಕ್ಯಾಥೊಲಿಕರಿಂದ ವಿರೋಧ ಬಂತು, ಚರ್ಚನ್ನು ಹಿಂದೂಕರಣ ಮಾಡುತ್ತಿದ್ದೀರಿ ಅಂತ. ಅದಕ್ಕಿಂತ ಮುಖ್ಯವಾದ ವಿರೋಧ ದಲಿತ ಕ್ರೈಸ್ತರದು. 'ಭಾರತೀಯ' ಅಂದಕೂಡಲೇ ಸಂಸ್ಕೃತ, ಆಶ್ರಮ, ಆರತಿ, ವೇದಾಂತವೇ ಯಾಕೆ ನೆನಪಾಗುತ್ತದೆ? ಯಾವ ವ್ಯವಸ್ಥೆಯಿಂದ ತಪ್ಪಿಸಿಕೊಂಡು ಇಲ್ಲಿಗೆ ಬಂದೆವೋ ಅದರದೇ ಗಂಟೆ ಇಲ್ಲೂ ಬಾರಿಸುತ್ತೀರಾ? 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವಶಾಸ್ತ್ರದ ಬಗ್ಗೆ ಮಾಡಿದ ಭಾಷಣವನ್ನು ದಲಿತ ದೇವಶಾಸ್ತ್ರದ ಶುರುವಾತು ಎಂದು ಗುರುತಿಸುತ್ತಾರೆ.

ಇದನ್ನು ಹಾಡಾಗಿಸಿದವರು ಮದುರೈನ ತಮಿಳುನಾಡು ಥಿಯಲಾಜಿಕಲ್ ಸೆಮಿನರಿಯ ಥಿಯೋಫಿಲಸ್ ಅಪ್ಪಾವು (1940–2005). 'ಪರಟ್ಟೈ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅವರು ಎರಡೂ ಕಡೆಗೆ ಇಲ್ಲ ಅಂದರು. ಪಾಶ್ಚಾತ್ಯ ಧಾಟಿ ಜನರದ್ದಲ್ಲ, ಶಾಸ್ತ್ರಿಯಾರ್ ಪರಂಪರೆಯ ಕರ್ನಾಟಕ ಸಂಗೀತದ ಕೀರ್ತನೆ ಮೇಲ್ಜಾತಿಯದ್ದು. ಹಳ್ಳಿಯ ಜನಪದ ಧಾಟಿಯಲ್ಲಿ ಪೂರ್ತಿ ಆರಾಧನಾ ಕ್ರಮವನ್ನೇ ಕಟ್ಟಿದರು. ಅವರ ವಾದದ ಗಟ್ಟಿತನ ಇರುವುದು ಭಾವುಕತೆಯಲ್ಲಲ್ಲ, ತಂತ್ರದಲ್ಲಿ. ಶಾಸ್ತ್ರೀಯ ಹಾಡನ್ನು ತಪ್ಪಾಗಿ ಹಾಡಬಹುದು, ಹಾಗಾಗಿ ತಿದ್ದುವ ಗುರು ಬೇಕು, ಆ ಗುರು ಯಾವ ಜಾತಿಯವನು ಅನ್ನೋದು ಗೊತ್ತೇ ಇದೆ. ಜನಪದ ಹಾಡನ್ನು ಹಾಡುವವರೇ ಬದಲಾಯಿಸಬಹುದು, ಸಾಲು ಸೇರಿಸಬಹುದು. ಓದು ಬಾರದ ಕೂಲಿ ಹೆಂಗಸು ಅಲ್ಲಿ ಕೇಳುಗಳಲ್ಲ, ಕರ್ತೃ. ದೇವರನ್ನು ತಾಯಿಯಾಗಿಯೂ ಕರೆದರು, ಪ್ರಭುಭೋಜನ ಅಂದರೆ ಒಂದೇ ಮಡಕೆಯಲ್ಲಿ ಬೇಯಿಸಿ ಎಲ್ಲರೂ ಹಂಚಿ ಉಣ್ಣುವುದು ಎಂದರು. ಹಳ್ಳಿಯಲ್ಲಿ ಜಾತಿ ಎಲ್ಲಕ್ಕಿಂತ ಗಟ್ಟಿಯಾಗಿ ಕೂತಿರುವುದು ಊಟದ ಎಲೆಯಲ್ಲೇ ತಾನೇ.

ಪರೈ ವಾದ್ಯದ ವಿಷಯ ಇದರಲ್ಲಿ ಸೂಕ್ಷ್ಮ. ಸಾವಿನ ಮನೆಯಲ್ಲಿ ಬಿಟ್ಟಿ ಬಾರಿಸಬೇಕಾಗಿದ್ದ ಚರ್ಮವಾದ್ಯ ಅದು, ಅದರ ಹೆಸರೇ ಒಂದು ಜಾತಿಯ ಮೇಲೆ ಕೂತಿದೆ. ನಮ್ಮ ತಮಟೆ, ಹಲಗೆಯ ಕಥೆಯೂ ಬೇರೆಯಲ್ಲ. ಹಾಗಾಗಿ ದಲಿತರಲ್ಲೇ ಎರಡು ಅಭಿಪ್ರಾಯ ಇವೆ. ಆ ಅವಮಾನವನ್ನು ಎಸೆದು ಬಂದಿದ್ದೇವೆ, ಮತ್ತೆ ಕೈಗೆ ಕೊಡಬೇಡಿ ಎನ್ನುವವರು ಒಂದು ಕಡೆ. ಅವಮಾನ ವಾದ್ಯದ್ದಲ್ಲ, ಬಾರಿಸಲು ಹೇರಿದವರದು ಎನ್ನುವವರು ಇನ್ನೊಂದು ಕಡೆ. ಹೊರಗಿನವರು ತೀರ್ಪು ಕೊಡುವ ವಿಷಯ ಇದಲ್ಲ. ಆದರೆ ತಮಟೆ ಹಬ್ಬದ ಮೆರವಣಿಗೆಯಲ್ಲಿ ಚರ್ಚಿನ ಬಾಗಿಲವರೆಗೆ ಬಂದು, ಒಳಗೆ ಕೀಬೋರ್ಡ್ ಮಾತ್ರ ಇರುವ ಕಡೆ ಆ ಹೊಸ್ತಿಲಿನ ಬಗ್ಗೆ ಕೇಳಲೇಬೇಕು. ತಮಿಳುನಾಡಿನಲ್ಲಿ ದಲಿತ ಕ್ರೈಸ್ತರ ಹೆಣಕ್ಕೂ ಪ್ರತ್ಯೇಕ ಜಾಗ, ನಡುವೆ ಗೋಡೆ ಇರುವ ಸ್ಮಶಾನಗಳು ಇರುವಾಗ ಆಮೋಸನ ಮಾತು ಹಳತಾಗಿಲ್ಲ.

ಸ್ಟೇಜು ಮತ್ತು ಬಾಡಿಗೆ ಕೋಣೆ

ನಗರದ ಯುವಜನರಿಗೆ ಚರ್ಚ್ ಸಂಗೀತ ಅಂದ್ರೆ ಈಗ ಗಿಟಾರ್, ಡ್ರಮ್ಸ್, ಪರದೆಯ ಮೇಲೆ ಸಾಹಿತ್ಯ. 1983ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಹಿಲ್‌ಸಾಂಗ್ ಚರ್ಚಿನ ಹಾಡುಗಳು ಬೆಂಗಳೂರಿನಲ್ಲೂ ಕೇಳುತ್ತವೆ. ಇದರ ಹಿಂದೆ ದೊಡ್ಡ ಉದ್ಯಮವಿದೆ, ಹಾಡಿಗೆ ಪರವಾನಗಿ, ಶುಲ್ಕ ಎಲ್ಲ ಇವೆ. ವೇದಿಕೆಯ ಗಾಯಕರ ಎತ್ತರದ ಶ್ರುತಿಗೆ ಕೆಳಗಿದ್ದವರ ದನಿ ಮುಟ್ಟದೇ ಹೋದಾಗ ಜನ ಮತ್ತೆ ಕೇಳುಗರಾಗುತ್ತಾರೆ, ಲವೊದಿಕೀಯದ ನಿಯಮ ಯಾರೂ ಬರೆಯದೆಯೇ ವಾಪಸ್ ಬಂದಹಾಗೆ.

ಅದೇ ಕುಟುಂಬಕ್ಕೆ ಸೇರಿದ್ದು ಅನ್ನಿಸುವ ಸಣ್ಣ ಪೆಂಟಕೋಸ್ಟಲ್ ಮನೆಸಭೆಯ ಲೆಕ್ಕವೇ ಬೇರೆ. ಬಾಡಿಗೆ ಕೋಣೆ, ಒಂದು ಡೋಲಕ್, ಪ್ಲಾಸ್ಟಿಕ್ ಕುರ್ಚಿ. ಎರಡು ಸಾಲಿನ ಹಾಡು, ಪುಸ್ತಕ ಬೇಡ. ಗಾರ್ಮೆಂಟ್ಸಿಗೆ, ಮನೆಕೆಲಸಕ್ಕೆ ಹೋಗುವ ಹೆಂಗಸು ಎದ್ದುನಿಂತು ಸಾಕ್ಷಿ ಹೇಳುತ್ತಾಳೆ, ಅವಳೇ ಹಾಡು ಎತ್ತುತ್ತಾಳೆ. ಆ ಸಭೆಗಳ ಬೋಧನೆಯಲ್ಲಿ ನನಗೆ ಒಪ್ಪಿಗೆಯಾಗದ್ದು ಬಹಳ ಇದೆ, ಹೆಂಗಸರ ಬಗ್ಗೆ, ಕಾಯಿಲೆಯ ಬಗ್ಗೆ, ದುಡ್ಡಿನ ಬಗ್ಗೆ. ಆದರೆ ವಾರಕ್ಕೊಮ್ಮೆ ಅವಳ ದನಿಗೆ ಜಾಗ ಕೊಡುವ ಕೋಣೆ ಅವಳ ಬದುಕಿನಲ್ಲಿ ಬೇರೆ ಎಷ್ಟಿವೆ?

ಇದನ್ನೂ ಅಮೆರಿಕದ ಆಮದು ಅಂತ ಸುಮ್ಮನೆ ಹೇಳಿಬಿಡಲಾಗದು. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಪುಣೆ ಬಳಿಯ ಕೇಡಗಾಂವ್‌ನಲ್ಲಿ ವಿಧವೆಯರಿಗೆ, ಬರಗಾಲದಲ್ಲಿ ಅನಾಥರಾದವರಿಗೆ ಕಟ್ಟಿದ ಮುಕ್ತಿ ಸದನದಲ್ಲಿ 1905ರಲ್ಲೇ ಇಂಥ ಉಕ್ಕುವ, ಎಲ್ಲರೂ ಒಟ್ಟಿಗೆ ದನಿಯೆತ್ತುವ ಪ್ರಾರ್ಥನೆ ಶುರುವಾಗಿತ್ತು. ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ಪೆಂಟಕೋಸ್ಟಲ್ ಚಳವಳಿ ಸುದ್ದಿಯಾದದ್ದು ಅದರ ಮರುವರ್ಷ, 1906ರಲ್ಲಿ.

ರಾಜ್ಯದಲ್ಲಿ ಕ್ರೈಸ್ತರ ಪ್ರಾರ್ಥನೆಯ ಮೇಲೆ ನಡೆದ ದಾಳಿಗಳ ಬಗ್ಗೆ ಪಿಯುಸಿಎಲ್ 2021ರ ಕೊನೆಗೆ ವರದಿ ಪ್ರಕಟಿಸಿತು. ಆ ವರ್ಷದ ಜನವರಿಯಿಂದ ನವೆಂಬರ್‌ವರೆಗಿನ 39 ಘಟನೆಗಳು ಅದರಲ್ಲಿ ದಾಖಲಾಗಿವೆ. ಮುಂದಿನ ವರ್ಷ ಮತಾಂತರ ನಿಷೇಧ ಕಾಯ್ದೆ ಬಂತು. ಎತ್ತರದ ಗೋಪುರ, ಕಾಂಪೌಂಡು, ಶಾಲೆ-ಕಾಲೇಜು ಇರುವ ದೊಡ್ಡ ಚರ್ಚುಗಳಿಗಿಂತ ಸುಲಭವಾಗಿ ಕೈಗೆ ಸಿಗುವುದು ಇಂಥ ಮನೆಸಭೆಗಳೇ. ಗೇಟಿಲ್ಲ, ವಕೀಲರಿಲ್ಲ. ಭಾನುವಾರ ಬೆಳಗ್ಗೆ ಹಾಡಿನ ಸದ್ದು ಬೀದಿಗೆ ಕೇಳಿಸುತ್ತದೆ, ಎಲ್ಲಿ ಸೇರಿದ್ದಾರೆ ಅಂತ ಪತ್ತೆಯಾಗಲು ಅಷ್ಟು ಸಾಕು.